ಇಸ್ತ್ರಿ ಮೇಜಿನ ಆಚೆ ಒಡೆಸಾ

…ಆಗಲ್ಲ ಅಂದೆನಲ್ಲ ಇವೆಲೀಸ್! ಫೋನ್ ಕಡೆ ಯಾಕೆ ಕೈ ತೋರಿಸ್ತೀಯಾ? ಹುಷಾರಿಲ್ಲ ಅಂತ ಹೇಳಿಬಿಡ್ಲಾ? ಪ್ರಚಾರಕ್ಕೆ ನಗರದ ಖಜಾನೆ ದುಡ್ಡು ತಗೊಂಡವನು ಚುನಾವಣಾ ಚರ್ಚೆಗೆ ಹೋಗ್ಲೇಬೇಕು ಕಣೇ. ತಪ್ಪಿಸ್ಕೊಂಡ್ರೆ ಅಷ್ಟನ್ನೂ ಕಕ್ಕಿಸ್ತಾರೆ. ಆಮೇಲೆ ಬ್ರಾಂಕ್ಸ್‌ನಲ್ಲಿ ಯಾರು ಕೊಡ್ತಾರೆ ಈ ಪೆರಾಲ್ಟಾಗೆ ವೋಟು?

ಬಾ, ಇನ್ನೊಂದೇ ಸಲ ಅಭ್ಯಾಸ. ಇಸ್ತ್ರಿ ಮೇಜಿನ ಆಚೆ ನಿಂತ್ಕೋ. ನೀನು ನನ್ನ ಎದುರಾಳಿ, ಒಡೆಸಾ ವಿಟ್ಲಾಕ್. ಹೂಂ, ಕೇಳು ಪ್ರಶ್ನೆ! ಕೇಳೇ!... ಓ. ಹೌದಲ್ಲ. ದವಡೆಗೆ ತಂತಿ ಹಾಕಿದಾರೆ… ಬಾಳೆಕಾಯಿ ಬೇಯಿಸಿ ಹಿಸುಕಿದ ಮಂಗೂ ಕೂಡ ನುಂಗಕ್ಕಾಗಲ್ಲ, ಪಾಪ. ನೀನು ಮೆಟ್ಟಿಲು ಜಾರಿ ಬಿದ್ದೆ…

ತಲೆ ಅಲ್ಲಾಡಿಸ್ಬೇಡ! ಜಾರಿ ಬಿದ್ದೆ! ಆಸ್ಪತ್ರೆಲಿ ನಾನು ಹಾಗಂದಾಗ ತೆಪ್ಪಗಿದ್ಯಲ್ಲ?

ಏನು, ಏನು ಆ ನೋಟ? ಸರಿ, ಸರಿ… ಕೈ ಮಾಡಿದೆ. ಒಂದೇ ಏಟು! ಮೊನ್ನೆ ಅಭ್ಯಾಸದಲ್ಲಿ ಬಾಡಿಗೆ ಬಗ್ಗೆ ಕೇಳು ಅಂದಿದ್ದೆ, ಕಸದ ಬಗ್ಗೆ, ಇಲಿಗಳ ಬಗ್ಗೆ ಕೇಳು ಅಂದಿದ್ದೆ. ನೀನು? ಥೇಟ್ ಅವಳ ಥರಾನೇ ಗದ್ದ ಎತ್ಕೊಂಡು, ಅವಳ ದನೀಲೇ… 'ಮಿಸ್ಟರ್ ಪೆರಾಲ್ಟಾ, ಇಂಥಾ ಸೆಕೇಲೂ ನಿಮ್ಮ ಹೆಂಡತಿ ತುಂಬುತೋಳಿನ ಅಂಗೀನೇ ಯಾಕೆ ಹಾಕ್ತಾರೆ?'... ಯಾರು ಹೇಳ್ಕೊಟ್ರು ಅದನ್ನ? ಹಾಂ? ಮೈಯೆಲ್ಲ ಉರಿದುಹೋಯ್ತು! ನಾನು ಹೊಡೆದಿದ್ದು ಒಡೆಸಾಗೆ ಕಣೇ, ನಿನಗಲ್ಲ! ನಮ್ಮಮ್ಮನಾಣೆ, ಆ ಗಳಿಗೇಲಿ ಅಲ್ಲಿ ನೀನು ಇರ್ಲೇ ಇಲ್ಲ!

ನಿಜವಾದ ಒಡೆಸಾ ಅದನ್ನ ಕೇಳಲ್ಲ ಬಿಡು. ಅವಳಿಗೇನು ಗೊತ್ತು? ಅಕಸ್ಮಾತ್ ಕೇಳಿದ್ರೂ ಉತ್ತರ ಇದೆ ನನ್ನ ಹತ್ರ: 'ನನ್ನ ಹೆಂಡತಿ ದೇವರಂಥವಳು, ಮರ್ಯಾದಸ್ತೆ.' ಚಪ್ಪಾಳೆ ಬೀಳತ್ತೆ ನೋಡ್ತಿರು! ನೀನು ಮನೇಲಿರು. ಸ್ಟ್ರಾದಲ್ಲಿ ಸಾರು ಕುಡಿದು ಮಲಗು…

ಎಲ್ಲಿಗೆ? ಯಾಕೆ ಬಟ್ಟೆ ಬೀರು ತೆಗೀತಿದೀಯಾ? ಬರ್ತೀಯಾ? ನೀನೂ?... ಬಾ ಮತ್ತೆ, ಮುಂದಿನ ಸಾಲಲ್ಲೇ ಕೂತ್ಕೋ. ಆದ್ರೆ ಆ ಅಂಗಿ ಬೇಡ. ತೋಳಿಲ್ಲದ್ದು ಬೇಡ! ಬೇಡ ಅಂದೆ! ಕೊಡಿಲ್ಲಿ, ಹರಿದು ಬಿಸಾಕ್ತೀನಿ… ಇನ್ನೊಂದು ಏಟು ಬೇಕಾ? ಅಲ್ಲಿ ಬಂದು ಏನಂತ ಹೇಳ್ತೀಯಾ? ಬಾಯೇ ಬಿಡಕ್ಕಾಗಲ್ಲ ನಿನಗೆ!

…ಹೇಳೋದೇ ಬೇಡ. ಅಲ್ವಾ?

ಇವೆಲೀಸ್, ತೋಳು ಮುಚ್ಕೋ. ದಮ್ಮಯ್ಯ, ಮುಚ್ಕೋ. ಅಲ್ಲಿ ಟಿವಿಯವ್ರು ಇರ್ತಾರೆ… ಥೂ, ಇಸ್ತ್ರಿಪೆಟ್ಟಿಗೆ ಮೂತಿಯ ಬರೆ ಹಾಗೇ ಕೂತಿದೆಯಲ್ಲೇ ತೋಳ ಮೇಲೆ. ಹಬೆ ಬರೋ ತೂತುಗಳ ಸಮೇತ…

ಅಷ್ಟೊಂದು ಕಾದಿತ್ತಾ ಅದು ಅವತ್ತು?