ಓದದೆ ಬಿಟ್ಟ ನಲವತ್ತೊಂದು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರುಮಾಡಿದರೆ ನೀವು ಗೋಡೆಗೆ ಒರಗಿ ಕೂಡ್ರುತ್ತೀರಿ. ಅದು ನಮ್ಮ ಮನೆಯ ಕಥೆಯಲ್ಲ ಅಂತ ನಿಮಗೆ ಧೈರ್ಯ. ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು. ನೀಲಾಂಬಿಕಾ. ಮನೆಯಲ್ಲಿ ನೀಲಾ.

ನೀಲಾಳ ಅವ್ವ ಕಸೂತಿ ಹಾಕುವಾಕೆ. ಕಸೂತಿ ನಿಮಗೆ ಗೊತ್ತು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ, ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿತೋ, ಸೀರೆಯ ಮೇಲಿನ ಗೋಪುರ ವಾಲಿತು. ಹಾಗಾಗಿ ಆ ಮನೆಯಲ್ಲಿ ಒಂದು ಕಟ್ಟಳೆ: ಮೂರು ಸಲ ಎಣಿಸು, ಆಮೇಲೆ ಚುಚ್ಚು. ನೀಲಾ ಆರು ವರ್ಷದವಳಿದ್ದಾಗಿನಿಂದ ಹಾಗೇ ಕಲಿತಳು.

ಪಿಯುಸಿ ಮುಗಿಸಿ, ಡಾಕ್ಟರ್ ಆಗಬೇಕೆಂದು ಪ್ರವೇಶ ಪರೀಕ್ಷೆ ಬರೆದಳು. ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಈಗೇನು? ಒಂದು ವರ್ಷ ಕೂತು ಮತ್ತೆ ಬರೆಯುವುದೋ, ಬಿಎಸ್ಸಿಗೆ ಸೇರುವುದೋ? ಕಾಲೇಜಿಗೆ ಹೆಸರು ಹಚ್ಚಲು ಸೋಮವಾರ ಕಡೆಯ ದಿನ. ಶನಿವಾರ ಮುಂಜಾನೆ ಮನೆತುಂಬ ಮಂದಿ.

“ಮತ್ತ ಬರೀಲಿ ಬಿಡ್ರಿ. ಒಂದು ವರ್ಷ ಏನ್ ಮಹಾ,” ಅಂದ ಕಾಕಾ.

“ನಿನಗೇನಪಾ, ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತಾಂವ. ರೂಢಿ ಐತಿ,” ಅಂದಳು ಅತ್ತಿ. “ಸುಮ್ನ ಬಿಎಸ್ಸಿಗೆ ಹಚ್ಚರಿ.”

ನೋಡ್ರಿ, ಎರಡು ತಾಸು ಮಾತಾಡಿದರು. ನಡುನಡುವೆ ಹುಡುಗಿಯನ್ನೂ ಕೇಳಿದರು, ನಿನ್ನ ಮನಸ್ಸಿನಾಗ ಏನೈತಿ ಅಂತ. “ಗೊತ್ತಿಲ್ಲ,” ಅಂದಳು. ಅದು ನಿಜವೇ ಆಗಿತ್ತು.

ಮಂದಿ ಹೋದ ಮೇಲೆ ಅವ್ವ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, “ಎಲ್ಲಿ ತಪ್ಪೇತಿ?”

“ಏನವ್ವ?”

“ಬಿಚ್ಚಿ ಮತ್ತ ಹಾಕಬೇಕೋ, ಇಷ್ಟಕ್ಕ ಬಿಡಬೇಕೋ ಅಂತ ಎಲ್ಲಾರೂ ಹೇಳಿದ್ರು. ಎಲ್ಲಿ ತಪ್ಪೇತಿ ಅಂತ ನೋಡೀಯೇನು?”

“ತಪ್ಪಿದ್ದು ಭಾಳಿಲ್ಲವ್ವ. ಬಿಟ್ಟಿದ್ದು ಭಾಳ. ನಲವತ್ತೊಂದು ಪ್ರಶ್ನಿ.”

“ಬರಲಿಲ್ಲೇನು?”

“ಓದಿಲ್ಲ. ಅಲ್ಲೀತನಕ ಹೋಗ್ಲೇ ಇಲ್ಲ. ಒಂದೊಂದನ್ನೂ ಮೂರು ಮೂರು ಸಲ ನೋಡಿಕೋತ ಕೂತೆ. ಗಂಟಿ ಹೊಡೀತು.”

ಅವ್ವ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದಳು. “ಅದು ನಾ ಕಲಿಸಿದ್ದವಾ,” ಅಂದಳು ಮೆಲ್ಲಗೆ. ಆಮೇಲೆ ಕೇಳಿದಳು, “ಹಂಗಾದ್ರ ಆ ನಲವತ್ತೊಂದರಾಗ ಏನಿತ್ತು?”

ಏನಿತ್ತು? ನೀಲಾಳಿಗೆ ಗೊತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಅವತ್ತಿನ ಚೀಲದಲ್ಲೇ ಗೋಡೆಯ ಮೊಳೆಗೆ ತೂಗುತ್ತಿತ್ತು. ಎಷ್ಟು ವಾರ ಅದರ ಪಕ್ಕದಲ್ಲೇ ಓಡಾಡಿದ್ದಳು. ಅಂಕ ನೋಡಿ ಅತ್ತಿದ್ದಳು, ಚೀಲ ಮುಟ್ಟಿರಲಿಲ್ಲ. ಈಗ ಅವಳಿಗೇ ಅನ್ನಿಸಿತು: ಹೌದಲ್ಲ, ಏನಿತ್ತು?

ಇಳಿಸಿ ತೆಗೆದಳು. ಓದದೆ ಬಿಟ್ಟದ್ದರಲ್ಲಿ ಮೊದಲನೆಯದೇ ಕಣ್ಣಿನ ಬಗ್ಗೆ. ಮಬ್ಬು ಬೆಳಕಿನಲ್ಲಿ ಬಣ್ಣ ಯಾಕೆ ತಿಳಿಯುವುದಿಲ್ಲ?

“ಕಣ್ಣಾಗ ಎರಡು ನಮೂನಿ ಕಣ ಅದಾವವ್ವ. ಬಣ್ಣ ಗುರುತು ಹಿಡಿಯೋವು ಮಬ್ಬಿನ್ಯಾಗ ಕೆಲಸಾ ಮಾಡಂಗಿಲ್ಲ.”

“ಹಂಗೇನು? ಅದಕ್ಕ ಸಂಜಿಮುಂದ ನನಗ ದಾರದ ಬಣ್ಣ ತಿಳಿಯಂಗಿಲ್ಲ. ಕಣ್ಣು ಹೋದ್ವು ಅಂತಿದ್ದೆ. ಮುಂದಿಂದು ಓದು.”

ಹೀಗೆ ಒಂದಾದ ಮೇಲೊಂದು. ಒಂದು ಸಲ ನೋಡು, ಗುರುತು ಹಾಕು, ಮುಂದೆ ಹೋಗು. ಕೆಲವು ಗೊತ್ತಿದ್ದವು. ಕೆಲವು ಅರ್ಧ ಗೊತ್ತಿದ್ದವು. ಒಂದೆರಡು ಏನು ಕೇಳುತ್ತಿವೆ ಅನ್ನುವುದೇ ತಿಳಿಯಲಿಲ್ಲ. ಅವುಗಳ ಮೇಲೆ ಅವಳಿಗೆ ಬೇರೆಯೇ ಆಸೆ ಹುಟ್ಟಿತು. ಹೊಸ್ತಿಲಲ್ಲಿದ್ದ ಬಿಸಿಲು ಅಂಗಳಕ್ಕೆ ಇಳಿದಿತ್ತು. ಆಮೇಲೆ ಸರಿ ಉತ್ತರಗಳ ಪಟ್ಟಿ ಇಟ್ಟುಕೊಂಡು ತಾಳೆ ನೋಡಿದಳು.

ಎಷ್ಟು ಸರಿ ಆಗಿದ್ದವು?

ಹಾಂ, ನೋಡ್ರಿ. ಎಷ್ಟು ಜನ ಮುಂದಕ್ಕೆ ಬಾಗಿದಿರಿ. ಇಷ್ಟೆಲ್ಲ ಕೇಳಿದ ಮೇಲೂ ಅಂಕವನ್ನೇ ಕೇಳುತ್ತಿದ್ದೀರಿ. ಅದನ್ನು ನಾನು ಹೇಳುವುದಿಲ್ಲ.

ಅವಳು ಅವ್ವನಿಗೆ ಅಂದದ್ದನ್ನು ಹೇಳುತ್ತೇನೆ. “ಮತ್ತ ಬರೀತೀನವ್ವ. ಪಾಠ ಬರ್ತೈತಿ. ಒಂದು ಸಲ ನೋಡಿ ಮುಂದ ಹೋಗೋದು ಬರಂಗಿಲ್ಲ. ಅದನ್ನ ಕಲೀಬೇಕು.”

ಅವ್ವ ಕೈಯಲ್ಲಿದ್ದ ಸೀರೆ ಎತ್ತಿ ತೋರಿಸಿದಳು. ಅರ್ಧ ಆದ ಸಾಲು: ಒಂದು ಹೊಲಿಗೆ, ಒಂದು ಖಾಲಿ, ಒಂದು ಹೊಲಿಗೆ, ಒಂದು ಖಾಲಿ.

“ಹೋಗೂಮುಂದ ಬಿಟ್ಟದ್ದನ್ನ ಹೊಳ್ಳಿ ಬರೂಮುಂದ ತುಂಬತೀವಿ. ಇದನ್ನೂ ನಾನ ಕಲಿಸಿದ್ದು. ಅಲ್ಲಿ ಇದು ನೆನಪಾಗಲಿಲ್ಲೇನು?”

ಈಗ ನಿಮ್ಮ ಮಾತು. ನಿಮ್ಮ ಮನೆಯ ಮೊಳೆಗೆ ಯಾವ ಚೀಲ ತೂಗುತ್ತಿದೆ? ಮಗುವಿನ ಫಲಿತಾಂಶ ಬಂದ ದಿನ ನಾವು ಮಾಡುವುದೇನು? ಎಷ್ಟು ಬಂತು ಅನ್ನುತ್ತೇವೆ, ಬುದ್ಧಿ ಹೇಳುತ್ತೇವೆ, ಚಹಾ ಕುಡಿದು ಎದ್ದು ಹೋಗುತ್ತೇವೆ. ಇನ್ನು ಮೇಲೆ ಹಾಗೆ ಮಾಡಬೇಡಿ. ‘ಎಷ್ಟು’ ಅನ್ನುವುದು ನಾಲಿಗೆಗೆ ಬಂದಾಗ ಒಂದು ಗುಟುಕು ನೀರು ಕುಡಿಯಿರಿ. ಆಮೇಲೆ, “ಪೇಪರ್ ತಾ, ಇಬ್ಬರೂ ನೋಡೋಣ,” ಅನ್ನಿ. ಮತ್ತೆ ಬರೆಯುವುದೋ ಬಿಡುವುದೋ, ಅದು ಆಮೇಲಿನ ಮಾತು.

ಉತ್ತರ ನಿಮಗೆ ಬರದಿದ್ದರೂ ಪಕ್ಕದಲ್ಲಿ ಕೂಡ್ರಿ. ಆ ಅವ್ವನಿಗೂ ಒಂದೂ ಬರುತ್ತಿರಲಿಲ್ಲ.