ಮೊದಲು ಇಳಿಯುವವರು

ಸೇನಾ ಕಚೇರಿಯ ಮೊಗಸಾಲೆಯಲ್ಲಿ, ಹೊಲಿದು ತಂದ ಸಮವಸ್ತ್ರಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ದರ್ಜಿ ಹೆಂಗಸು ಕಾಯುತ್ತಿದ್ದಳು. ಪಕ್ಕದಲ್ಲಿ ಅಕ್ಕ, ತಮ್ಮ ಇಬ್ಬರು ಕೂತಿದ್ದರು. ತಮ್ಮನ ಕೈಯಲ್ಲಿ ಸೇನೆಯ ಕರೆಪತ್ರವಿತ್ತು.

"ಕಾಲ್ದಳ ಅಂತ ಬರೆದಿದ್ದಾರೆ ಕಣೇ."

"ಅದಕ್ಕೇನೀಗ? ಕಂಪ್ಯೂಟರ್ ಆಟದಲ್ಲಿ ಎಷ್ಟು ಯುದ್ಧ ಗೆದ್ದಿಲ್ಲ ನೀನು?"

"ಹೇಗೆ ಗೆಲ್ತಿದ್ದೆ, ಗೊತ್ತಲ್ಲ?"

"ಗೊತ್ತಿಲ್ದೆ ಏನು? ಹಡಗು ನಾನೇ ನಡೆಸ್ತಿದ್ದೆ. ವಿಮಾನ, ಕಾಲ್ದಳ ನಿಂದು."

"ದಡಕ್ಕೆ ಮೊದಲು ನಾನು ಯಾರನ್ನ ಇಳಿಸ್ತಿದ್ದೆ ಹೇಳು."

"ಕಾಲ್ದಳದವರನ್ನ."

"ಯಾಕೆ?"

"ಶತ್ರುಗಳ ಫಿರಂಗಿ ಎಲ್ಲೆಲ್ಲಿದೆ ಅಂತ ತಿಳಿಯೋಕೆ. ಅವರ ಮೇಲೆ ಗುಂಡು ಬಿದ್ಮೇಲೆ ನನ್ನ ಹಡಗು, ನಿನ್ನ ವಿಮಾನ..."

"ಒಂದು ಸಲಾನೂ ವಿಮಾನ ಮೊದಲು ಕಳಿಸಲಿಲ್ಲ ಕಣೇ. ಅದನ್ನ ಕಟ್ಟೋಕೆ ಹೊತ್ತು ಹಿಡಿಯುತ್ತೆ, ಆಳುಗಳಾದ್ರೆ ಬೇಗ ಸಿಕ್ತಾರೆ ಅಂತ."

ದರ್ಜಿ ಹೆಂಗಸು ಮಡಿಲಲ್ಲಿದ್ದ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅದು ಆಟ ಕಣೋ. ಇಲ್ಲಿನವರು ಹಾಗೆ ಮಾಡಲ್ಲ."

"ಮಾಡಲ್ಲ ಅಂತ ಯಾರು ಹೇಳಿದ್ರು?"

ಗುಮಾಸ್ತ ಬಾಗಿಲಿಗೆ ಬಂದು ತಮ್ಮನ ಸಂಖ್ಯೆ ಕೂಗಿದ. ಅವನು ಎದ್ದ. ಅಕ್ಕ ಅವನ ತೋಳು ಬಿಡದೆ ಜೊತೆಗೇ ನಡೆದಳು.

"ಸಾರ್, ಕಾಲ್ದಳದವರು ಇಳಿಯೋಕೆ ಮುಂಚೆ ವಿಮಾನ ಹೋಗುತ್ತಲ್ವಾ?"

ಗುಮಾಸ್ತ ಕರೆಪತ್ರ ಇಸಿದುಕೊಂಡ.

"ಬೂಟಿನ ಅಳತೆ ಎಷ್ಟು?" ಎಂದು ಕೇಳುತ್ತಲೇ ಅವರನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ.