ರಾಜೀನಾಮೆಯಲ್ಲಿ ಬರೆಯದ ಕಾರಣ

ತಾತೋಬಾ ಪಿಸುಗುಟ್ಟಿದರೂ ಇಚಲಕರಂಜಿ ಬಸ್ ಸ್ಟ್ಯಾಂಡಿಗೆಲ್ಲ ಕೇಳುತ್ತದೆಂದು ಹೆಂಡತಿ ಪಾರುಬಾಯಿಗೆ ಗೊತ್ತಿತ್ತು. ಸದ್ದು ಕೇಳಿಯೇ ಪವರ್‌ಲೂಮ್ ಮಗ್ಗದ ರೋಗ ಹೇಳಿ ರಿಪೇರಿ ಮಾಡುತ್ತಿದ್ದ ಜಾಬರ್ ಆತ; ಮೂವತ್ತು ವರ್ಷದಲ್ಲಿ ಆ ಸದ್ದೇ ಅವನ ಕಿವಿಗಳನ್ನು ತಿಂದಿತ್ತು.

“ರಾಜೀನಾಮೆ ಕೊಟ್ಟಬಂದೆ, ಪಾರೂ. ಮಾಲಕ ಶಾಲು ಹೊಚ್ಚಿ ಕಳಿಸಿದ.”

“ಕಾರಣ ಏನ ಬರದೀರಿ?” ಅವಳು ಕಿವಿಯಲ್ಲಿ ಕೂಗಿದಳು.

“ಮನೀ ಅಡಚಣಿ ಅಂತ. ಎಲ್ಲಾರೂ ಹಂಗ ಬರೀತಾರ.”

“ಮನ್ಯಾಗ ಏನ ಅಡಚಣಿ ಐತ್ರಿ? ನಾನ?”

“ನೀನ ಅನ್ಕೋ.” ನಕ್ಕ. ಆಮೇಲೆ ಅವಳತ್ತ ಬಾಗಿದ. “ಮಗ್ಗ ನಡಸೋ ಹುಡುಗ ಲಖನ್ ಹೇಳಿದ್ದ, ಮಗ್ಗ ಒದರಾಕತ್ತೈತಿ ಅಂತ. ನಂಗೇನೂ ಕೇಳಿಸಲಿಲ್ಲ. ಚಲೋ ಐತಿ, ಚಾಲೂ ಮಾಡು ಅಂದೆ. ಅವನ ಎರಡ ಬೆರಳ ಹೋದೂ. ಹುಡುಗಂದ ತಪ್ಪಂತ ಮಾಲಕ ಬರಕೊಂಡಾನ. ಯಾರ ಮುಂದೂ ಅನಬ್ಯಾಡ.”

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

“ಮಾಲಕಗ ಹೇಳಲಿಲ್ಲೇನ್ರಿ?”

“ಶಾಲು ಹೊಚ್ಚಾಕತ್ತಿದ್ನಲ್ಲ, ಹೆಂಗ ಹೇಳ್ಲಿ?”

ಅವರ ಊರಿಗೆ ಹೋಗುವ ಗಡಹಿಂಗ್ಲಜದ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಪಾರುಬಾಯಿ ಎದ್ದು, ಗಂಡನ ರಟ್ಟೆ ಹಿಡಿದು ಗೇಟಿನತ್ತ ನಡೆಸಿದಳು.

“ಏ ಪಾರೂ, ಬಸ್ ಆ ಕಡೆ ಐತಲ್ಲ!”

“ಲಖನ್‌ನ ಮನಿ ಈ ಕಡೆ ಐತ್ರಿ,” ಅಂದಳು. ಈ ಸಲ ಕಿವಿಯಲ್ಲಿ ಕೂಗಲಿಲ್ಲ.